ಮೋಲ್ ಲೆಕ್ಕ ಎಲ್ಲಿ ತಪ್ಪಿತು? ಉತ್ತರದ ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಮೋಲ್ ಅಂದರೆ 6.022 × 10²³ ಕಣಗಳ ಒಂದು ಗುಂಪು. ಒಂದು ಮೋಲ್ ವಸ್ತುವಿನ ತೂಕ ಗ್ರಾಂಗಳಲ್ಲಿ ಅದರ ಅಣುರಾಶಿಯಷ್ಟು (ಸೂತ್ರದಲ್ಲಿರುವ ಪರಮಾಣು ರಾಶಿಗಳ ಮೊತ್ತ). ಈ ಲೆಕ್ಕ ಮುಗಿಸಿದ್ದೀರಿ, ಸೂತ್ರವೂ ಸರಿ ಅನ್ನಿಸುತ್ತಿದೆ, ಆದರೆ ಪುಸ್ತಕದ ಕೊನೆಯಲ್ಲಿರುವ ಉತ್ತರಕ್ಕೆ ತಾಳೆಯಾಗುತ್ತಿಲ್ಲ. ಆಗ ಹೆಚ್ಚಿನವರು ಎಲ್ಲವನ್ನೂ ಹೊಡೆದುಹಾಕಿ ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ಹಿಡಿದ ದಾರಿ ಅದೇ ಆದ್ದರಿಂದ ಬರುವ ತಪ್ಪೂ ಅದೇ. ಹೊಡೆದುಹಾಕಬೇಡಿ. ತಪ್ಪು ಉತ್ತರವೇ ಇಲ್ಲಿ ದೊಡ್ಡ ಸುಳಿವು.

ಮೊದಲ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ನಿಮ್ಮ ಉತ್ತರವನ್ನು ಪುಸ್ತಕದ ಉತ್ತರದಿಂದ ಭಾಗಿಸಿ. ಬಂದ ಸಂಖ್ಯೆ ಎಂಥದ್ದು ಅಂತ ನೋಡಿ:

- 0.96, 1.01, 1.07 ಹೀಗೆ 1ರ ಹತ್ತಿರ ಇದ್ದರೆ: ಅಂಕಿ ಮೊಟಕು ಮಾಡಿದ್ದು, ಇಲ್ಲವೇ ಬೇರೆ ಸ್ಥಿರಾಂಕ ಬಳಸಿದ್ದು.
- 1000 ಅಥವಾ 0.001 ಆದರೆ: ಏಕಮಾನ.
- 10, ಅಥವಾ ನಂಬಲಾಗದಷ್ಟು ದೊಡ್ಡ ಘಾತ ಆದರೆ: ಕ್ಯಾಲ್ಕುಲೇಟರ್.
- 2, 3, ಅರ್ಧ, ಮೂರನೇ ಒಂದು ಆದರೆ: ಸಮೀಕರಣ, ಅಥವಾ ಜೋಡಿಯಾಗಿರುವ ಅನಿಲ.
- 1.28, 1.56 ಹೀಗೆ ತಲೆಬುಡ ಇಲ್ಲದ ಸಂಖ್ಯೆ ಆದರೆ: ಅಣುರಾಶಿ ಕೂಡಿಸಿದ್ದು ತಪ್ಪು.

ಪುಸ್ತಕದಲ್ಲಿ ಉತ್ತರವೇ ಇಲ್ಲದಿದ್ದರೆ "ಹಾಕಿದ್ದಕ್ಕಿಂತ ಬಂದದ್ದೇ ಜಾಸ್ತಿ" ಎಂಬ ಭಾಗಕ್ಕೆ ಹೋಗಿ. ಅಲ್ಲಿರುವ ಪರೀಕ್ಷೆಗೆ ಉತ್ತರದ ಪಟ್ಟಿ ಬೇಡ.

ಲಕ್ಷಣ: ಉತ್ತರ ಸ್ವಲ್ಪ ಆಚೀಚೆ ಇದೆ

ಬಹಳ ಸಲ ಇದು ದೋಷವೇ ಅಲ್ಲ. ಕ್ಲೋರಿನ್‌ಗೆ ನೀವು 35.5 ತೆಗೆದುಕೊಂಡಿದ್ದೀರಿ, ಪುಸ್ತಕ 35.45 ತೆಗೆದುಕೊಂಡಿದೆ. ತಾಮ್ರಕ್ಕೆ ಒಬ್ಬರು 63.5 ಹಾಕುತ್ತಾರೆ, ಇನ್ನೊಬ್ಬರು 64. ಪ್ರಶ್ನೆಯಲ್ಲಿ ಪರಮಾಣು ರಾಶಿ ಕೊಟ್ಟಿದ್ದರೆ ಅದನ್ನೇ ಬಳಸಿ, ನೆನಪಿನಲ್ಲಿರುವುದನ್ನಲ್ಲ.

ನಿಜವಾದ ತಪ್ಪು ಇರುವುದು ನಡುದಾರಿಯಲ್ಲಿ ಅಂಕಿ ಮೊಟಕು ಮಾಡುವುದರಲ್ಲಿ. 5 ಗ್ರಾಂ ಮೆಗ್ನೀಷಿಯಂ ಉರಿದರೆ ಎಷ್ಟು ಮೆಗ್ನೀಷಿಯಂ ಆಕ್ಸೈಡ್ ಬರುತ್ತದೆ? 5 ÷ 24 = 0.2083 ಮೋಲ್. ಇದನ್ನು ಸುಮ್ನೆ 0.2 ಅಂತ ಬರೆದು ಮುಂದೆ ಹೋದರೆ 0.2 × 40 = 8 ಗ್ರಾಂ. ಬರಬೇಕಾದದ್ದು 8.33. ಅನುಪಾತ 0.96. ನಡುವೆ ನಾಲ್ಕು ಅಂಕಿ ಇಟ್ಟುಕೊಳ್ಳಿ, ಕೊನೆಯಲ್ಲಿ ಮಾತ್ರ ಮೊಟಕು ಮಾಡಿ.

ಅನಿಲದ ಲೆಕ್ಕದಲ್ಲಿ 1.07 ಬಂದರೆ ಕಾರಣ ಬೇರೆ. 0 ಡಿಗ್ರಿ ಸೆಲ್ಸಿಯಸ್ ಮತ್ತು 1 ಅಟ್ಮಾಸ್ಫಿಯರ್ ಒತ್ತಡದಲ್ಲಿ 1 ಮೋಲ್ ಅನಿಲದ ಗಾತ್ರ 22.4 ಲೀಟರ್. ಕೋಣೆಯ ಉಷ್ಣತೆಯಲ್ಲಿ ಅದೇ ಅನಿಲ ಸುಮಾರು 24 ಲೀಟರ್ ಜಾಗ ಹಿಡಿಯುತ್ತದೆ. ಇನ್ನು ಕೆಲವು ಪುಸ್ತಕಗಳಲ್ಲಿ 22.7 ಕಂಡರೆ ಅದು ಅಚ್ಚಿನ ತಪ್ಪಲ್ಲ. ಪ್ರಮಾಣಿತ ಒತ್ತಡವನ್ನು 1982ರಲ್ಲಿ 1 ಬಾರ್ ಎಂದು ಬದಲಿಸಿದ ಮೇಲೆ ಬಂದ ಸಂಖ್ಯೆ ಅದು. ಪ್ರಶ್ನೆಯಲ್ಲಿ ಉಷ್ಣತೆ, ಒತ್ತಡ ಏನು ಕೊಟ್ಟಿದ್ದಾರೆ ಅನ್ನುವ ಸಾಲನ್ನು ಇನ್ನೊಮ್ಮೆ ಓದಿ.

ಲಕ್ಷಣ: ಸರಿಯಾಗಿ ಸಾವಿರ ಪಟ್ಟು ವ್ಯತ್ಯಾಸ

ಇಷ್ಟು ಚೊಕ್ಕ ಸಂಖ್ಯೆ ಬಂದರೆ ಖುಷಿಪಡಿ, ರಸಾಯನಶಾಸ್ತ್ರ ನಿಮಗೆ ಅರ್ಥವಾಗಿದೆ. ಮಿಲಿಲೀಟರನ್ನು ಲೀಟರ್ ಮಾಡುವುದು ಮಾತ್ರ ಬಿಟ್ಟುಹೋಗಿದೆ. 4 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಅಂದರೆ 4 ÷ 40 = 0.1 ಮೋಲ್. 250 ಮಿಲಿಲೀಟರ್ ದ್ರಾವಣ ಅಂದರೆ 0.25 ಲೀಟರ್. ಮೊಲಾರಿಟಿ, ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಅನ್ನುವುದು, 0.1 ÷ 0.25 = 0.4. ಅದೇ 0.1ನ್ನು 250ರಿಂದ ಭಾಗಿಸಿದರೆ 0.0004 ಬರುತ್ತದೆ. ಶಾಲೆಯ ಲೆಕ್ಕಗಳಲ್ಲಿ ಮೊಲಾರಿಟಿ ಸಾಮಾನ್ಯವಾಗಿ 0.01ರಿಂದ ಹತ್ತು-ಹದಿನೈದರ ಒಳಗೇ ಇರುತ್ತದೆ. ಅದಕ್ಕಿಂತ ತೀರಾ ಕಡಿಮೆ ಬಂದರೆ ಉತ್ತರದ ಪಟ್ಟಿ ನೋಡದೆಯೇ ಅನುಮಾನಪಡಬಹುದು.

ಘನ ಡೆಸಿಮೀಟರ್ ಅಂದರೆ ಲೀಟರೇ, ಘನ ಸೆಂಟಿಮೀಟರ್ ಅಂದರೆ ಮಿಲಿಲೀಟರೇ. ಹೆಸರು ಬೇರೆ, ಅಷ್ಟೇ.

ಲಕ್ಷಣ: ಹತ್ತು ಪಟ್ಟು ವ್ಯತ್ಯಾಸ, ಅಥವಾ 10⁴⁶ ತರಹದ ಉತ್ತರ

ಇದು ಕ್ಯಾಲ್ಕುಲೇಟರ್‌ನ ಕೆಲಸ. 3.011 × 10²⁴ ಅಣುಗಳು ಎಷ್ಟು ಮೋಲ್ ಅಂತ ಕೇಳಿದ್ದಾರೆ ಅಂದುಕೊಳ್ಳಿ. 6.022 × 10²³ರಿಂದ ಭಾಗಿಸಬೇಕು. ಆವರಣ ಹಾಕದೆ ಹಾಗೇ ಒತ್ತುತ್ತಾ ಹೋದರೆ ಯಂತ್ರ 6.022ರಿಂದ ಭಾಗಿಸುತ್ತದೆ, ಆಮೇಲೆ 10²³ರಿಂದ ಗುಣಿಸುತ್ತದೆ. 5 ಮೋಲ್ ಬರಬೇಕಾದ ಕಡೆ 5 × 10⁴⁶ ಬಂದು ಕೂರುತ್ತದೆ. ಛೇದವನ್ನು ಆವರಣದೊಳಗೆ ಹಾಕಿ, ಅಥವಾ ಘಾತದ ಬಟನ್ (EXP ಅಥವಾ ×10ˣ ಎಂದು ಬರೆದಿರುವುದು) ಬಳಸಿ.

ಆ ಬಟನ್‌ನಲ್ಲೂ ಒಂದು ಮೋಸ ಇದೆ. ಅದನ್ನು ಒತ್ತಿದರೆ "ಗುಣಿಸು ಹತ್ತರ ಘಾತ" ಅನ್ನುವಷ್ಟೂ ಸೇರಿಕೊಂಡಿರುತ್ತದೆ. 10²³ ಹಾಕಲು ನೀವು 10 ಒತ್ತಿ, ಘಾತದ ಬಟನ್ ಒತ್ತಿ, 23 ಒತ್ತಿದರೆ ಅದು 10 × 10²³, ಅಂದರೆ 10²⁴. ಹತ್ತು ಪಟ್ಟು ವ್ಯತ್ಯಾಸ ಬರುವುದು ಇಲ್ಲಿಂದ. ಮೊದಲು 1 ಒತ್ತಬೇಕು, 10 ಅಲ್ಲ.

ಲಕ್ಷಣ: ಉತ್ತರ ಸರಿಯಾಗಿ ಎರಡರಷ್ಟು ಅಥವಾ ಅರ್ಧ

ಅತಿ ಹೆಚ್ಚು ಜನ ಸಿಕ್ಕಿಬೀಳುವ ಜಾಗ ಇದು. ಕಾರಣ ಮೂರು, ಮೂರರದ್ದೂ ಲಕ್ಷಣ ಒಂದೇ. ಅದಕ್ಕೇ ಒಂದೊಂದಾಗಿ ನೋಡಬೇಕು.

ಮೊದಲು ಅನಿಲ ನೋಡಿ. ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್, ಕ್ಲೋರಿನ್ ಅನಿಲಗಳಲ್ಲಿ ಪರಮಾಣುಗಳು ಜೋಡಿ ಜೋಡಿಯಾಗಿ ಇರುತ್ತವೆ. ಬ್ರೋಮಿನ್, ಅಯೋಡಿನ್ ಅನಿಲಗಳಲ್ಲ, ಆದರೂ ಇದೇ ಗುಂಪು. 1 ಮೋಲ್ ಆಕ್ಸಿಜನ್ ಅನಿಲ 32 ಗ್ರಾಂ, 16 ಅಲ್ಲ. 64 ಗ್ರಾಂ ಆಕ್ಸಿಜನ್ ಅನಿಲಕ್ಕೆ ನೀವು 4 ಮೋಲ್ ಅಂತ ಬರೆದಿದ್ದರೆ ದೋಷ ಸಿಕ್ಕಿತು. ಆದರೆ ಎಲ್ಲ ಕಡೆ 32 ಹಾಕುವ ಹಾಗೂ ಇಲ್ಲ. ಸಂಯುಕ್ತದೊಳಗೆ ಎಷ್ಟು ಮೋಲ್ ಆಕ್ಸಿಜನ್ ಪರಮಾಣು ಇದೆ ಅಂತ ಕೇಳಿದಾಗ 16ರಿಂದಲೇ ಭಾಗಿಸಬೇಕು. ಬಾಟಲಿಯಲ್ಲಿರುವ ಅನಿಲವೋ, ಸಂಯುಕ್ತದೊಳಗೆ ಸೇರಿಹೋದ ಪರಮಾಣುವೋ ಅಂತ ಮೊದಲು ಕೇಳಿಕೊಳ್ಳಿ.

ಈ ಜೋಡಿ ವಿಚಾರದಲ್ಲಿ ದೊಡ್ಡ ವಿಜ್ಞಾನಿಗಳೂ ಎಡವಿದ್ದಾರೆ. ಡಾಲ್ಟನ್ ನೀರನ್ನು ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಎಂದೇ ಬರೆದ. ಅನಿಲಗಳಲ್ಲಿ ಪರಮಾಣುಗಳು ಜೋಡಿಯಾಗಿರಬಹುದು ಎಂಬ ವಿಚಾರವನ್ನು ಅವೊಗಾಡ್ರೊ 1811ರಲ್ಲೇ ಮುಂದಿಟ್ಟ. ಅದಕ್ಕೆ ಮನ್ನಣೆ ಸಿಗಲು 1860ರ ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ ಕ್ಯಾನಿಝಾರೊ ವಾದಿಸಬೇಕಾಯಿತು. ಸುಮಾರು ಐವತ್ತು ವರ್ಷ ಪರಮಾಣು ರಾಶಿಗಳ ಪಟ್ಟಿಯೇ ಗೊಂದಲದಲ್ಲಿತ್ತು. ನಿಮಗೆ ಒಂದು ಸಂಜೆ ಹಿಡಿದರೆ ಏನೂ ತೊಂದರೆ ಇಲ್ಲ.

ಎರಡನೆಯದು, ಸಮೀಕರಣದ ಗುಣಾಂಕ, ಅಂದರೆ ಪ್ರತಿ ವಸ್ತುವಿನ ಎಡಕ್ಕೆ ಬರೆಯುವ ಸಂಖ್ಯೆ. ಕಬ್ಬಿಣದ ಅದಿರಿನ ಲೆಕ್ಕ ತೆಗೆದುಕೊಳ್ಳಿ:

1 ಫೆರಿಕ್ ಆಕ್ಸೈಡ್ + 3 ಕಾರ್ಬನ್ ಮೊನಾಕ್ಸೈಡ್ → 2 ಕಬ್ಬಿಣ + 3 ಕಾರ್ಬನ್ ಡೈಆಕ್ಸೈಡ್

160 ಗ್ರಾಂ ಫೆರಿಕ್ ಆಕ್ಸೈಡ್ ಅಂದರೆ 1 ಮೋಲ್. ಅದರಿಂದ 2 ಮೋಲ್ ಕಬ್ಬಿಣ, ಅಂದರೆ 112 ಗ್ರಾಂ. 56 ಬಂದಿದ್ದರೆ ಆ 2ನ್ನು ನೀವು ನೋಡಿಲ್ಲ, ಅಥವಾ ಸಮೀಕರಣವನ್ನು ಸರಿದೂಗಿಸಿಯೇ ಇಲ್ಲ. ಎರಡೂ ಕಡೆ ಪರಮಾಣು ಎಣಿಸಿ: ಕಬ್ಬಿಣ 2 ಮತ್ತು 2, ಕಾರ್ಬನ್ 3 ಮತ್ತು 3, ಆಕ್ಸಿಜನ್ 6 ಮತ್ತು 6. ಎಣಿಸುವಾಗ ಬೆರಳು ಇಟ್ಟು ಎಣಿಸಿ, ನಾಚಿಕೆ ಬೇಡ. ಸರಿದೂಗಿಸುವಾಗ ಸೂತ್ರದ ಎಡಕ್ಕಿರುವ ಸಂಖ್ಯೆಯನ್ನು ಮಾತ್ರ ಬದಲಿಸಬೇಕು. ಕೆಳಗಿನ ಪುಟ್ಟ ಸಂಖ್ಯೆ ಮುಟ್ಟಿದರೆ ವಸ್ತುವೇ ಬದಲಾಗುತ್ತದೆ.

ಮೂರನೆಯದು ಟೈಟ್ರೇಶನ್, ಅಂದರೆ ಒಂದು ದ್ರಾವಣದ ಜೊತೆ ಪೂರ್ತಿ ವರ್ತಿಸಲು ಇನ್ನೊಂದು ಎಷ್ಟು ಬೇಕು ಅಂತ ಅಳೆಯುವುದು. 0.1 ಮೋಲಾರ್ ಸಲ್ಫ್ಯೂರಿಕ್ ಆಮ್ಲ 25 ಮಿಲಿಲೀಟರ್ ಇದೆ. ಅದನ್ನು ತಟಸ್ಥಗೊಳಿಸಲು 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಎಷ್ಟು ಬೇಕು? ಥಟ್ಟನೆ 25 ಅಂತೀರಿ ಅಲ್ವಾ? ಬೇಕಿರುವುದು 50. ಒಂದು ಸಲ್ಫ್ಯೂರಿಕ್ ಆಮ್ಲಕ್ಕೆ ಎರಡು ಸೋಡಿಯಂ ಹೈಡ್ರಾಕ್ಸೈಡ್ ಹೋಗುತ್ತದೆ. ಮೊಲಾರಿಟಿ ಮತ್ತು ಗಾತ್ರದ ಗುಣಲಬ್ಧ ಎರಡೂ ಕಡೆ ಸಮ ಅನ್ನುವ ಸೂತ್ರವನ್ನು ಹಾಗೇ ಬಳಸಲು ಬರುವುದು ದ್ರಾವಣಕ್ಕೆ ನೀರು ಬೆರೆಸಿ ತೆಳು ಮಾಡುವಾಗ, ಅಥವಾ ಒಂದಕ್ಕೆ ಒಂದು ವರ್ತಿಸುವಾಗ ಮಾತ್ರ. ಈ ಸೂತ್ರವನ್ನು ಬಾಯಿಪಾಠ ಮಾಡದೆ, ಪ್ರತಿ ಸಲ ಮೋಲ್‌ಗೆ ಬಂದು ಹೋಗುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಲಕ್ಷಣ: 1.28, 1.56 ತರಹದ ಅಡ್ಡಾದಿಡ್ಡಿ ಅನುಪಾತ

ಅಣುರಾಶಿ ಮತ್ತೆ ಕೂಡಿಸಿ. ಮೊದಲು ಆವರಣ ಇರುವ ಸೂತ್ರ ನೋಡಿ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನಲ್ಲಿ, ಅಂದರೆ Ca(OH)₂ನಲ್ಲಿ, ಆವರಣದ ಹೊರಗಿನ 2 ಆಕ್ಸಿಜನ್‌ಗೂ ಸೇರುತ್ತದೆ, ಹೈಡ್ರೋಜನ್‌ಗೂ ಸೇರುತ್ತದೆ: 40 + 2 × (16 + 1) = 74. ಅದನ್ನು ಹೈಡ್ರೋಜನ್‌ಗೆ ಮಾತ್ರ ಕೊಟ್ಟರೆ 40 + 16 + 2 = 58. ಆಗ 37 ಗ್ರಾಂ ವಸ್ತು 0.5 ಮೋಲ್ ಆಗುವ ಬದಲು 0.638 ಮೋಲ್ ಆಗುತ್ತದೆ. ಅನುಪಾತ 1.28.

ಇನ್ನೊಂದು ಕಳ್ಳ ಅಂದರೆ ಹರಳಿನೊಳಗಿನ ನೀರು. ಮೈಲುತುತ್ತದ ನೀಲಿ ಹರಳಿನಲ್ಲಿ ಒಂದು ಕಾಪರ್ ಸಲ್ಫೇಟ್‌ಗೆ 5 ನೀರು ಅಂಟಿಕೊಂಡಿರುತ್ತದೆ. ನೀರಿಲ್ಲದ ಬಿಳಿ ಪುಡಿ 159.5, ನೀಲಿ ಹರಳು 159.5 + 90 = 249.5. ಒಂದರ ಬದಲು ಇನ್ನೊಂದು ಹಾಕಿದರೆ 1.56 ಪಟ್ಟು ತಪ್ಪು. ಬಾಟಲಿಯ ಲೇಬಲ್ ಅಥವಾ ಪ್ರಶ್ನೆಯಲ್ಲಿ ಚುಕ್ಕಿ ಇಟ್ಟು ನೀರು ಬರೆದಿದ್ದಾರೆಯೇ ನೋಡಿ. ಆ ಚುಕ್ಕಿ ಗುಣಾಕಾರದ ಚಿಹ್ನೆ ಅಲ್ಲ, ಅಲ್ಲಿ ಕೂಡಿಸಬೇಕು.

ಅಣುರಾಶಿಯೂ ಸರಿ ಇದ್ದರೆ ದೋಷ ಇನ್ನೂ ಆಳದಲ್ಲಿದೆ: ಗುಣಾಂಕವನ್ನು ಗ್ರಾಂ ಅಂತ ಓದಿದ್ದೀರಿ. 2 ಹೈಡ್ರೋಜನ್ + 1 ಆಕ್ಸಿಜನ್ → 2 ನೀರು. "ಎರಡಕ್ಕೆ ಒಂದು, ಹಾಗಾದರೆ 8 ಗ್ರಾಂ ಹೈಡ್ರೋಜನ್‌ಗೆ 4 ಗ್ರಾಂ ಆಕ್ಸಿಜನ್." ಸರಿಯಾದ ಉತ್ತರ 64 ಗ್ರಾಂ. 8 ಗ್ರಾಂ ಹೈಡ್ರೋಜನ್ ಅಂದರೆ 4 ಮೋಲ್, ಅದಕ್ಕೆ 2 ಮೋಲ್ ಆಕ್ಸಿಜನ್, ಅಂದರೆ 2 × 32. ಸಮೀಕರಣಕ್ಕೆ ಗ್ರಾಂ ಗೊತ್ತಿಲ್ಲ, ಮೋಲ್ ಮಾತ್ರ ಗೊತ್ತು. ಗ್ರಾಂ ಕೊಟ್ಟಿದ್ದರೆ ಮೊದಲು ಮೋಲ್ ಮಾಡಿ, ಸಮೀಕರಣದ ಅನುಪಾತ ಹಾಕಿ, ಆಮೇಲೆ ಮತ್ತೆ ಗ್ರಾಂಗೆ ಬನ್ನಿ.

ಈ ತಪ್ಪು ಮಾಡಿದವರ ನೋಟ್‌ಬುಕ್ಕಿನಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: "8 ÷ 2 = 4". ಅಷ್ಟೇ. 4 ಏನು? ಗ್ರಾಮೋ, ಮೋಲೋ? ಯಾವುದರದ್ದು? ಸಂಖ್ಯೆಯ ಪಕ್ಕದಲ್ಲಿ "4 ಮೋಲ್ ಹೈಡ್ರೋಜನ್" ಅಂತ ಪೂರ್ತಿ ಬರೆದಿದ್ದರೆ, ಅದನ್ನು ಗ್ರಾಂ ಆಕ್ಸಿಜನ್ ಅಂತ ಓದಿಕೊಳ್ಳಲು ಯಾರಿಗೂ ಆಗುವುದಿಲ್ಲ.

ಲಕ್ಷಣ: ಹಾಕಿದ್ದಕ್ಕಿಂತ ಬಂದದ್ದೇ ಜಾಸ್ತಿ

ರಾಸಾಯನಿಕ ಕ್ರಿಯೆಯಲ್ಲಿ ಒಟ್ಟು ರಾಶಿ ಬದಲಾಗುವುದಿಲ್ಲ. ಹಾಗಾಗಿ ಉತ್ತರ ಬಂದ ಮೇಲೆ ಎಡಗಡೆಯ ಗ್ರಾಂಗಳನ್ನೂ ಬಲಗಡೆಯ ಗ್ರಾಂಗಳನ್ನೂ ಕೂಡಿಸಿ ನೋಡಿ. 25 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಕಾಯಿಸಿದರೆ 14 ಗ್ರಾಂ ಸುಟ್ಟ ಸುಣ್ಣ, 11 ಗ್ರಾಂ ಕಾರ್ಬನ್ ಡೈಆಕ್ಸೈಡ್. 14 + 11 = 25. ತಾಳೆಯಾಯಿತು. ತಾಳೆ ಆದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ, ಆದರೆ ತಾಳೆ ಆಗದಿದ್ದರೆ ತಪ್ಪು ಇರುವುದು ಖಂಡಿತ.

ಈಗ ಎರಡೂ ಪ್ರತಿವರ್ತಕಗಳ ಪ್ರಮಾಣ ಕೊಟ್ಟಿರುವ ಲೆಕ್ಕ: 10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್, ನೀರು ಎಷ್ಟು? ಹೈಡ್ರೋಜನ್ 5 ಮೋಲ್, ಹಾಗಾಗಿ ನೀರು 5 ಮೋಲ್, 90 ಗ್ರಾಂ ಅಂತ ಬರೆದಿದ್ದೀರಿ ಅಂದುಕೊಳ್ಳಿ. ಹಾಕಿದ್ದು ಒಟ್ಟು 74 ಗ್ರಾಂ. ಉಳಿದ 16 ಗ್ರಾಂ ಎಲ್ಲಿಂದ ಬಂತು?

ಆಕ್ಸಿಜನ್ ಮೊದಲು ಮುಗಿದುಹೋಗಿದೆ, ಅದನ್ನು ನೀವು ಗಮನಿಸಿಲ್ಲ. ಮೊದಲು ಮುಗಿಯುವ ಈ ಪ್ರತಿವರ್ತಕಕ್ಕೇ ಲಿಮಿಟಿಂಗ್ ರಿಯೇಜೆಂಟ್ ಅನ್ನುವುದು. 64 ಗ್ರಾಂ ಆಕ್ಸಿಜನ್ 2 ಮೋಲ್, ಅದು ಸುಡಬಲ್ಲದ್ದು 4 ಮೋಲ್ ಹೈಡ್ರೋಜನ್ ಮಾತ್ರ. ನೀರು 4 ಮೋಲ್, 72 ಗ್ರಾಂ. 1 ಮೋಲ್ ಹೈಡ್ರೋಜನ್, ಅಂದರೆ 2 ಗ್ರಾಂ ಹಾಗೇ ಉಳಿಯುತ್ತದೆ. 72 + 2 = 74.

ಗ್ರಾಂ ಕಡಿಮೆ ಇರುವುದೇ ಮೊದಲು ಮುಗಿಯುತ್ತದೆ ಅಂದುಕೊಳ್ಳಬೇಡಿ. ಇಲ್ಲಿ 64 ಗ್ರಾಂ ಇದ್ದದ್ದೇ ಮುಗಿಯಿತು. ಮೋಲ್ ಕಡಿಮೆ ಇರುವುದೇ ಮೊದಲು ಮುಗಿಯುತ್ತದೆ ಅನ್ನುವುದೂ ಸರಿಯಲ್ಲ. ಸೈಕಲ್ ಜೋಡಿಸುವವರ ಬಳಿ 5 ಫ್ರೇಮು, 6 ಚಕ್ರ ಇದ್ದರೆ ಮೂರೇ ಸೈಕಲ್ ಆಗುವುದು, ಎಣಿಕೆಯಲ್ಲಿ ಚಕ್ರ ಜಾಸ್ತಿ ಇದ್ದರೂ ಮುಗಿದದ್ದು ಚಕ್ರವೇ. ಅಮೋನಿಯ ತಯಾರಿಸುವಾಗ 1 ನೈಟ್ರೋಜನ್‌ಗೆ 3 ಹೈಡ್ರೋಜನ್ ಬೇಕು, 2 ಅಮೋನಿಯ ಬರುತ್ತದೆ. 2 ಮೋಲ್ ನೈಟ್ರೋಜನ್, 3 ಮೋಲ್ ಹೈಡ್ರೋಜನ್ ಕೊಟ್ಟರೆ ಪ್ರತಿಯೊಂದನ್ನೂ ಅದರ ಗುಣಾಂಕದಿಂದ ಭಾಗಿಸಿ: 2 ÷ 1 = 2, 3 ÷ 3 = 1. ಚಿಕ್ಕದು ಹೈಡ್ರೋಜನ್‌ದು, ಅದೇ ಮೊದಲು ಮುಗಿಯುತ್ತದೆ. ಅಮೋನಿಯ 2 ಮೋಲ್, 34 ಗ್ರಾಂ.

ಲಕ್ಷಣ: ಸೂತ್ರ ಕಂಡುಹಿಡಿಯುವಾಗ ವಿಚಿತ್ರ ಸಂಯುಕ್ತ ಬರುತ್ತಿದೆ

ಶೇಕಡಾ 70 ಕಬ್ಬಿಣ, 30 ಆಕ್ಸಿಜನ್ ಇರುವ ಆಕ್ಸೈಡ್. 70 ÷ 56 = 1.25, 30 ÷ 16 = 1.875. ಚಿಕ್ಕದರಿಂದ ಭಾಗಿಸಿದರೆ 1 ಮತ್ತು 1.5. ಇಲ್ಲಿ 1.5ನ್ನು 2 ಅಂತ ಏರಿಸಿಬಿಟ್ಟರೆ ಒಂದು ಕಬ್ಬಿಣಕ್ಕೆ ಎರಡು ಆಕ್ಸಿಜನ್ ಆಗುತ್ತದೆ, ಅದು ತಪ್ಪು. ಏರಿಸಬೇಡಿ, ಎರಡನ್ನೂ 2ರಿಂದ ಗುಣಿಸಿ: 2 ಮತ್ತು 3. ಕೊನೆಯಲ್ಲಿ 0.33 ಅಥವಾ 0.67 ಕಂಡರೆ 3ರಿಂದ, 0.25 ಅಥವಾ 0.75 ಕಂಡರೆ 4ರಿಂದ ಗುಣಿಸಿ. 1.98, 3.03 ತರಹ ಪೂರ್ಣಾಂಕದ ಪಕ್ಕದಲ್ಲೇ ಇದ್ದರೆ ಮಾತ್ರ ಏರಿಸಿ ಇಳಿಸಿ ಮಾಡಬಹುದು.

ಲಕ್ಷಣ: ಪ್ರಯೋಗದ ಇಳುವರಿ ನೂರಕ್ಕಿಂತ ಹೆಚ್ಚು

ಇಳುವರಿ ಅಂದರೆ ಲೆಕ್ಕದ ಪ್ರಕಾರ ಬರಬೇಕಾದದ್ದರಲ್ಲಿ ನಿಜಕ್ಕೂ ಶೇಕಡಾ ಎಷ್ಟು ಬಂತು ಅನ್ನುವುದು. ಲೆಕ್ಕ, ಪ್ರಯೋಗ ಎರಡರಲ್ಲೂ ದೋಷ ಇರಬಹುದು. ಖರ್ಚಿಲ್ಲದ ಪರೀಕ್ಷೆ ಲೆಕ್ಕದ್ದು, ಅದನ್ನೇ ಮೊದಲು ಮಾಡಿ. 1.59 ಗ್ರಾಂ ಕಾಪರ್ ಆಕ್ಸೈಡನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ ನೀಲಿ ಹರಳು ಮಾಡಿದ್ದೀರಿ, ತೂಗಿದರೆ 4.2 ಗ್ರಾಂ. ಆಕ್ಸೈಡ್ 1.59 ÷ 79.5 = 0.02 ಮೋಲ್. ಬರಬೇಕಾದದ್ದಕ್ಕೆ 159.5 ಹಾಕಿದರೆ 3.19 ಗ್ರಾಂ, ಇಳುವರಿ ಶೇಕಡಾ 132! ನೀರನ್ನು ಸೇರಿಸಿ 249.5 ಹಾಕಿದರೆ 4.99 ಗ್ರಾಂ, ಇಳುವರಿ ಶೇಕಡಾ 84. ಕೈಯಲ್ಲಿ ಏನೂ ತಪ್ಪಾಗಿರಲಿಲ್ಲ.

ಲೆಕ್ಕ ಸರಿ ಇದ್ದೂ ನೂರು ದಾಟಿದರೆ ವಸ್ತು ಒದ್ದೆ ಇದೆ, ಅಥವಾ ಸೋಸು ಕಾಗದದ ತೂಕ ಕಳೆದಿಲ್ಲ. ಗಾಳಿಗೆ ಒಣಗಿಸಿ ತೂಗಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೂಗಿ, ತೂಕ ಇಳಿಯುವುದು ನಿಲ್ಲುವ ತನಕ. ನೀಲಿ ಹರಳನ್ನು ಜೋರಾಗಿ ಕಾಯಿಸಿ ಒಣಗಿಸಬೇಡಿ. ಒಳಗಿನ ನೀರೂ ಹೋಗಿ ಬಿಳಿ ಪುಡಿ ಉಳಿಯುತ್ತದೆ.

ಮೆಗ್ನೀಷಿಯಂ ಉರಿಸುವ ಪ್ರಯೋಗದಲ್ಲಿ ಸಾಮಾನ್ಯವಾಗಿ ಉಲ್ಟಾ, ಕಡಿಮೆ ಬರುತ್ತದೆ. ಮೂಸೆಯ (ಕ್ರೂಸಿಬಲ್) ಮುಚ್ಚಳ ಎತ್ತಿದಾಗ ಬಿಳಿ ಹೊಗೆಯಾಗಿ ಆಕ್ಸೈಡ್ ಹೊರಟುಹೋಗುತ್ತದೆ. ಸ್ವಲ್ಪ ಲೋಹ ಗಾಳಿಯ ನೈಟ್ರೋಜನ್ ಜೊತೆಗೂ ಸೇರುತ್ತದೆ. ಮೂಸೆಯನ್ನು ಬಿಸಿ ಇರುವಾಗಲೇ ತೂಗಿದರೂ ತೂಕ ಕಡಿಮೆ ತೋರಿಸುತ್ತದೆ, ಸುತ್ತಲಿನ ಬಿಸಿ ಗಾಳಿ ಮೇಲೇಳುವುದರಿಂದ. ಪೂರ್ತಿ ತಣ್ಣಗಾಗಲಿ.

ಎಚ್ಚರಿಕೆಗಳು. ಉರಿಯುವ ಮೆಗ್ನೀಷಿಯಂ ಅನ್ನು ನೇರ ನೋಡಬಾರದು. ಆಮ್ಲವನ್ನು ತೆಳು ಮಾಡುವಾಗ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಯಾವತ್ತೂ ಹಾಕಬಾರದು. ಪಿಪೆಟ್ಟನ್ನು ಬಾಯಿಂದ ಎಳೆಯಬಾರದು. ಸೋಡಿಯಂ ಹೈಡ್ರಾಕ್ಸೈಡ್ ಕರಗುವಾಗ ದ್ರಾವಣ ಬಿಸಿಯಾಗುತ್ತದೆ, ಚರ್ಮವನ್ನೂ ಸುಡುತ್ತದೆ. ತಣ್ಣಗಾದ ಮೇಲೆ ಗೆರೆಯವರೆಗೆ ನೀರು ತುಂಬಿಸಿ, ಇಲ್ಲದಿದ್ದರೆ ಗಾತ್ರ ಕುಗ್ಗಿ ಮೊಲಾರಿಟಿಯೂ ತಪ್ಪುತ್ತದೆ. ಮೈಲುತುತ್ತ ವಿಷ, ಕೈ ತೊಳೆಯದೆ ಏನೂ ತಿನ್ನಬೇಡಿ. ಕಣ್ಣಿಗೆ ಕನ್ನಡಕ ಇರಲೇಬೇಕು. ಕಣ್ಣಿಗೆ ಏನಾದರೂ ಸಿಡಿದರೆ ತೂಕ, ಲೆಕ್ಕ ಎಲ್ಲ ಅಲ್ಲೇ ಬಿಡಿ. ಹರಿಯುವ ನೀರಿನಲ್ಲಿ ಕನಿಷ್ಠ ಹದಿನೈದು-ಇಪ್ಪತ್ತು ನಿಮಿಷ ತೊಳೆಯುತ್ತಿರಿ, ಅಷ್ಟರಲ್ಲಿ ಜೊತೆಯಲ್ಲಿರುವವರು ಶಿಕ್ಷಕರನ್ನು ಕರೆಯಲಿ, ಆಮೇಲೆ ವೈದ್ಯರ ಬಳಿ ಹೋಗಿ.

ಎಲ್ಲಿ ನಿಲ್ಲಿಸಬೇಕು

ಮೇಲಿನ ಪರೀಕ್ಷೆಗಳನ್ನೆಲ್ಲ ಒಂದು ಸುತ್ತು ಮಾಡಿಯೂ ದೋಷ ಸಿಗದಿದ್ದರೆ ಎರಡನೇ ಸುತ್ತು ಬೇಡ. ಸ್ನೇಹಿತರೊಬ್ಬರಿಗೆ ನಿಮ್ಮ ಲೆಕ್ಕ ತೋರಿಸದೆ ಪ್ರಶ್ನೆ ಮಾತ್ರ ಕೊಡಿ. ಅವರಿಗೂ ನಿಮ್ಮದೇ ಉತ್ತರ ಬಂದು, ಗ್ರಾಂಗಳೂ ತಾಳೆಯಾದರೆ ಪುಸ್ತಕದ ಉತ್ತರವೇ ತಪ್ಪಿರುವ ಸಾಧ್ಯತೆ ಜಾಸ್ತಿ. ಅದು ಅಪರೂಪವೇನಲ್ಲ.

ಕ್ರಿಯೆಯಲ್ಲಿ ಏನು ಬರುತ್ತದೆ ಅನ್ನುವುದೇ ಗೊತ್ತಿಲ್ಲದಿದ್ದರೆ ಅದು ಲೆಕ್ಕದ ದೋಷ ಅಲ್ಲ, ಪಾಠದ್ದು. ಊಹೆ ಮಾಡಿ ಸಮೀಕರಣ ಬರೆಯುವ ಬದಲು ನೇರವಾಗಿ ಶಿಕ್ಷಕರನ್ನು ಕೇಳಿ. ಕೇಳಲು ಹೋಗುವಾಗ "ಬರ್ತಾ ಇಲ್ಲ ಸರ್" ಅಂತ ಖಾಲಿ ಪುಟ ತೋರಿಸಬೇಡಿ. ಸರಿದೂಗಿಸಿದ ಸಮೀಕರಣ, ಏಕಮಾನ ಮತ್ತು ವಸ್ತುವಿನ ಹೆಸರು ಇರುವ ಪ್ರತಿ ಸಾಲು, ಮೊದಲು ಭಾಗಿಸಿ ಪಡೆದ ಆ ಅನುಪಾತ, ಇಷ್ಟು ಒಂದೇ ಹಾಳೆಯಲ್ಲಿ ಇರಲಿ. ನೋಡಿದವರು ಆಮೇಲೆ ನಿಮ್ಮನ್ನು ಕೇಳಬೇಕಾದದ್ದು ಬಹಳ ಇರುವುದಿಲ್ಲ.